ಮಧುಮೇಹ, ಮೂತ್ರಪಿಂಡ ಮತ್ತು ಮನೆತನ

ಮಧುಮೇಹವು ಬಹುಕಾಲ ಉಳಿದರೆ ಮೂತ್ರಪಿಂಡಗಳಿಗೆ ಕೇಡು ತಟ್ಟಬಹುದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಎಲ್ಲ ಮಧುಮೇಹಿಗಳಿಗೂ ಹಾಗಾಗುವುದಿಲ್ಲ. ಮೂವತ್ತು ವರ್ಷ ಸಕ್ಕರೆ ಕಾಯಿಲೆಯೊಡನೆ ಬಾಳಿಯೂ ಮೂತ್ರಪಿಂಡ ಕೆಡದವರುಂಟು. ಅದರ ಅರ್ಧ ಕಾಲದಲ್ಲಿಯೇ ಅವನ್ನು ಕಳೆದುಕೊಂಡವರೂ ಉಂಟು. ರೋಗ ಒಂದೇ ಆಗಿದ್ದು ಫಲ ಬೇರೆಯಾಗುವುದೇಕೆ? ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಹಿರಿಯರ ಪರೀಕ್ಷೆಯ ಚೀಟಿಯನ್ನು ಓದಿ ಹೇಳುವ ಹೊಣೆ, ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರ ಮೇಲೆಯೇ ಬೀಳುವುದರಿಂದ ಈ ಪ್ರಶ್ನೆ ನಮಗೆ ದೂರದ್ದಲ್ಲ.

ಒಂದೊಂದು ಮೂತ್ರಪಿಂಡದಲ್ಲಿಯೂ ಸೂಕ್ಷ್ಮ ರಕ್ತನಾಳಗಳ ಸುಮಾರು 10 ಲಕ್ಷ ಗೊಂಚಲುಗಳಿವೆ. ಇವೇ ದೇಹದ ಜರಡಿಗಳು. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಇವು ಸೋಸುತ್ತವೆ. ಅದರಲ್ಲಿ ಬಹುಪಾಲು ರಕ್ತಕ್ಕೆ ಮರಳಿ, ಒಂದೆರಡು ಲೀಟರ್ ಮಾತ್ರ ಮೂತ್ರವಾಗುತ್ತದೆ. ರಕ್ತದ ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಜರಡಿಯ ಪೊರೆ ದಪ್ಪವಾಗಿ ಕೆಡುತ್ತಾ ಬಂದು, ರಕ್ತದಲ್ಲಿಯೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಸೋರತೊಡಗುತ್ತದೆ. ಆಗ ನೋವಿಲ್ಲ, ಬಾವಿಲ್ಲ; ರೋಗಿಗೆ ಏನೂ ತಿಳಿಯುವುದಿಲ್ಲ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಎಲಿಜಬೆತ್ ಸೀಕ್ವಿಸ್ಟ್ ಮತ್ತು ಅವರ ಸಂಗಡಿಗರು 1989ರಲ್ಲಿ ಈ ಪ್ರಶ್ನೆಯನ್ನು ಸರಳವಾದೊಂದು ಹಾದಿಯಿಂದ ಹಿಡಿದರು. ಇನ್ಸುಲಿನ್ ಇಲ್ಲದೆ ಬದುಕಲಾಗದ ಮೊದಲನೆಯ ಬಗೆಯ ಮಧುಮೇಹವು ಒಡಹುಟ್ಟಿದವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುವ ಕುಟುಂಬಗಳನ್ನು ಅವರು ಆರಿಸಿಕೊಂಡರು. ಒಬ್ಬರ ಮೂತ್ರಪಿಂಡ ಕೆಟ್ಟು ಬದಲಿ ಮೂತ್ರಪಿಂಡ ಜೋಡಿಸಬೇಕಾಗಿ ಬಂದಿದ್ದ ಮನೆಗಳಲ್ಲಿ, ಮಧುಮೇಹವಿದ್ದ 29 ಒಡಹುಟ್ಟಿದವರ ಪೈಕಿ 24 ಮಂದಿಗೆ, ಎಂದರೆ ಶೇಕಡಾ 83ರಷ್ಟು ಜನಕ್ಕೆ, ಮೂತ್ರಪಿಂಡದ ಕೇಡು ಕಂಡುಬಂತು. ಮೂತ್ರಪಿಂಡ ಕೆಡದವರ ಮನೆಗಳಲ್ಲಾದರೋ 12 ಮಂದಿಯಲ್ಲಿ ಇಬ್ಬರಿಗೆ ಮಾತ್ರ.

ಸಂಖ್ಯೆ ಚಿಕ್ಕದು. ಹನ್ನೆರಡರಲ್ಲಿ ಒಬ್ಬರು ಆಚೆ ಸರಿದರೂ ಶೇಕಡಾ ಎಂಟು ಕದಲುತ್ತದೆ. ಆದರೂ ಎರಡು ಗುಂಪುಗಳ ನಡುವಣ ಅಂತರ ಅಲ್ಲಗಳೆಯುವಂಥದಲ್ಲ. ಇನ್ನೊಂದು ಸಂದೇಹವಿದೆ: ಒಡಹುಟ್ಟಿದವರು ರಕ್ತವನ್ನು ಮಾತ್ರವಲ್ಲ, ಒಂದೇ ಒಲೆಯ ಅಡಿಗೆಯನ್ನೂ ಹಂಚಿಕೊಂಡು ಬೆಳೆದವರು. ಮನೆತನದಲ್ಲಿ ಸಾಗಿಬಂದದ್ದೆಲ್ಲ ವಂಶವಾಹಿಯಿಂದಲೇ ಬಂತೆನ್ನುವಂತಿಲ್ಲ.

ಆದ್ದರಿಂದ ಮುಂದಿನವರು ವಂಶವಾಹಿಗಳನ್ನೇ ನೇರವಾಗಿ ಪರೀಕ್ಷಿಸಹೊರಟರು. ಮೊದಲನೆಯ ಬಗೆಯ ಮಧುಮೇಹವಿದ್ದ 19,406 ಜನರ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಎದ್ದು ಕಂಡದ್ದು, ಜರಡಿಯ ಪೊರೆಯನ್ನು ಕಟ್ಟುವ ಕೊಲಾಜನ್ ಪ್ರೋಟೀನಿನ ಒಂದು ವಂಶವಾಹಿ. ಇದರ ಒಂದು ಮಾರ್ಪಾಟು ಪಡೆದವರಿಗೆ ಮೂತ್ರಪಿಂಡದ ಕೇಡು ಕಡಮೆ! ಇದೇ ವಂಶವಾಹಿಯ ಬೇರೆ ದೋಷಗಳು ಆಲ್‌ಪೋರ್ಟ್ ಎಂಬ ಮೂತ್ರಪಿಂಡ ರೋಗಕ್ಕೆ ಕಾರಣವೆಂಬುದು ಮೊದಲೇ ಗೊತ್ತಿತ್ತು. ಒಂದೇ ವಂಶವಾಹಿಯು ಒಂದು ರೂಪದಲ್ಲಿ ಕೆಡಿಸುವುದು, ಇನ್ನೊಂದು ರೂಪದಲ್ಲಿ ಕಾಯುವುದು ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೋಜಿಗವೆನಿಸಿತು. ಆದರೆ ಆ ಜನರೆಲ್ಲ ಯುರೋಪಿಯನ್ ಮೂಲದವರು. ಅದರ ಫಲವನ್ನು ನಮ್ಮ ನಾಡಿನವರಿಗೆ ಹಾಗೆಯೇ ಅನ್ವಯಿಸಲಾಗದು.

ಇದನ್ನೆಲ್ಲ ಕೇಳಿ "ಹಣೆಯಲ್ಲಿ ಬರೆದದ್ದು" ಎಂದು ಕೈಚೆಲ್ಲುವವರುಂಟು. ಅವರಿಗೆ ಉತ್ತರ 1993ರಲ್ಲಿಯೇ ದೊರೆತಿದೆ. ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ ಆಲ್ಬುಮಿನ್ ಸೋರಿಕೆಯ ಮೊದಲ ಹಂತದ ಸಂಭವ ಶೇಕಡಾ 39ರಷ್ಟು ತಗ್ಗಿತು. ಮನೆತನ ಯಾವುದೇ ಇರಲಿ, ಸಕ್ಕರೆಯ ಪಾತ್ರ ಹಿರಿದು.

ಹಾಗಾದರೆ ಅಣ್ಣನಿಗೆ ಮಧುಮೇಹದಿಂದ ಮೂತ್ರಪಿಂಡ ಕೆಟ್ಟಿದ್ದು, ತಂಗಿಗೂ ಮಧುಮೇಹವಿದ್ದರೆ ಅವಳು ಮಾಡಬೇಕಾದ್ದೇನು? ವಂಶವಾಹಿಯ ಪರೀಕ್ಷೆಯಲ್ಲ. ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂದು ವರ್ಷಕ್ಕೊಮ್ಮೆ ನೋಡಿಸುವುದು ಮತ್ತು ರಕ್ತದೊತ್ತಡವನ್ನು ಅಳೆಸಿಕೊಳ್ಳುತ್ತಿರುವುದು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯ ಮಧುಮೇಹದಲ್ಲಿ ಮೂತ್ರದ ಈ ಪರೀಕ್ಷೆಯನ್ನು ರೋಗ ಗೊತ್ತಾದ ದಿನದಿಂದಲೇ ತೊಡಗಬೇಕು. ಮೊದಲನೆಯ ಬಗೆಯಲ್ಲಿ ಐದು ವರ್ಷ ಕಳೆದ ಮೇಲೆ.