ಬಾಣಂತಿಗೆ ಸುರಾ ಪುಟ್ಟು ಬೇಡ

ಪ್ರಶ್ನೆ: ಕೊಚ್ಚಿ ಹತ್ತಿರ ಹಡಗು ಮುಳುಗಿದಾಗಿನಿಂದ ನಮ್ಮ ಮನೆಯಲ್ಲಿ ಸಮುದ್ರದ ಮೀನನ್ನೇ ಬಿಟ್ಟಿದ್ದೇವೆ. ಮತ್ತೆ ತಿನ್ನಬಹುದೇ?
– ಓದುಗರು, ಬೋಡಿನಾಯಕನೂರು

ಉತ್ತರ: ತಿನ್ನಿ. 2025ರ ಮೇ 25ರಂದು ಮುಳುಗಿದ ಎಂ.ಎಸ್.ಸಿ. ಎಲ್ಸಾ 3 ಹಡಗಿನ 640 ಕಂಟೇನರ್‌ಗಳಲ್ಲಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ನೀರು ತಗಲಿದರೆ ಅದು ಅನಿಲವೂ ಸುಣ್ಣವೂ ಆಗಿಬಿಡುತ್ತದೆ, ಮೀನಿನ ಮಾಂಸದಲ್ಲಿ ಕೂಡಿಕೊಳ್ಳುವುದಿಲ್ಲ. ಹಡಗಿನಿಂದ ದಡಕ್ಕೆ ಬಂದ ಪ್ಲಾಸ್ಟಿಕ್ ಕಾಳುಗಳನ್ನು ಮೀನು ನುಂಗಿದ್ದರೂ ಅವು ಉಳಿಯುವುದು ಕರುಳಿನಲ್ಲಿ. ಮತ್ತಿ, ಬಂಗುಡೆಯ ಹೊಟ್ಟೆ ಸೀಳಿ ತೊಳೆದರೆ ಸಾಕು. ನೆತ್ತಿಲಿಯ ತಲೆ ಮುರಿದೆಳೆದರೆ ಕರುಳೂ ಜೊತೆಗೇ ಬರುತ್ತದೆ. ಹೆದರಬೇಕಾದ ಮೀನು ಬೇರೆಯದು, ಮುಂದಿನ ಪ್ರಶ್ನೆ ನೋಡಿ.

ಪ್ರಶ್ನೆ: ಸೊಸೆ ಹೆತ್ತು ಇಪ್ಪತ್ತು ದಿನ. ಹಾಲು ಸಾಲದೆಂದು ವಾರಕ್ಕೆರಡು ಸಲ ಪಾಲ್ ಸುರಾ ಎಂಬ ಶಾರ್ಕ್ ಮೀನಿನ ಪುಟ್ಟು ಕೊಡುತ್ತಿದ್ದೇನೆ, ಬಸಿರಿನಲ್ಲೂ ಕೊಟ್ಟಿದ್ದೆ. ಅದರಲ್ಲಿ ಪಾದರಸವಿದೆ ಎಂದು ಮಗ ತಡೆಯುತ್ತಾನೆ. ಅರಿಸಿನ ಹಾಕಿ ಬೇಯಿಸಿ ನೀರು ಹಿಂಡಿದರೆ ಹೋಗುವುದಿಲ್ಲವೇ?
– ಒಬ್ಬ ಅತ್ತೆ, ಬೋಡಿನಾಯಕನೂರು

ಉತ್ತರ: ಹೋಗುವುದಿಲ್ಲ ಅಮ್ಮಾ. ಮೀನಿನ ಪಾದರಸ ಮಾಂಸದ ಪ್ರೋಟೀನಿಗೇ ಅಂಟಿರುತ್ತದೆ. ನೀವು ಹಿಂಡಿ ತೆಗೆಯುವುದು ಬರೀ ನೀರನ್ನು. ಉದುರುದುರಾಗಿ ಹುರಿದ ಪುಟ್ಟಿನಲ್ಲಿ ಪಾದರಸ ಇದ್ದಷ್ಟೂ ಇರುತ್ತದೆ. ಕಲ್ಲಿದ್ದಲಿನ ಹೊಗೆಯಿಂದ, ಕಾರ್ಖಾನೆಗಳಿಂದ ಸಮುದ್ರ ಸೇರಿದ ಪಾದರಸವನ್ನು ಸೂಕ್ಷ್ಮಜೀವಿಗಳು ಮಿಥೈಲ್ ಪಾದರಸ ಮಾಡುತ್ತವೆ. ಸಣ್ಣ ಮೀನಿನಲ್ಲಿ ಅದು ಸ್ವಲ್ಪವೇ. ಅಂಥ ಸಾವಿರಾರು ಮೀನುಗಳನ್ನು ವರ್ಷಗಟ್ಟಲೆ ತಿಂದ ಸುರಾದ ಮೈಯಲ್ಲಿ ಅದು ಕೂಡುತ್ತಾ ಹೋಗುತ್ತದೆ. ಲೆಕ್ಕ ನೋಡಿ: ಸುರಾ ಮೀನಿಗೆ ಅಂತಾರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹಾಕಿದ ಮಿಥೈಲ್ ಪಾದರಸದ ಮಿತಿಯೇ ಕಿಲೋಗೆ 1.6 ಮಿಲಿಗ್ರಾಂ. ಗರ್ಭದ ಮಗುವನ್ನು ಕಾಯಲು ತಜ್ಞರು ಹಾಕಿದ ಮಿತಿ, ತಾಯಿಯ ತೂಕದ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ. 50 ಕಿಲೋ ತೂಗುವ ಹೆಂಗಸಿಗೆ ಇದು 80 ಮೈಕ್ರೋಗ್ರಾಂ. ಅಂದರೆ, ಕೋಡೆಕ್ಸ್ ಒಪ್ಪುವ ಸುರಾದಲ್ಲೂ ಒಂದು ತುಂಡು, 50 ಗ್ರಾಂ, ವಾರದ ಲೆಕ್ಕ ಮುಗಿಸಬಹುದು.

ಪಾಲ್ ಸುರಾ ಚಿಕ್ಕ ಜಾತಿ ಎನ್ನಬಹುದು ನೀವು. ಕತ್ತರಿಸಿಟ್ಟ ತುಂಡು ನೋಡಿ ಜಾತಿ, ವಯಸ್ಸು ಹೇಳುವವರು ಯಾರು? ‘ನಮ್ಮಮ್ಮನೂ ತಿಂದೇ ನಮ್ಮನ್ನು ಸಾಕಿದಳು’ ಎಂಬ ಮಾತಂತೂ ಕೇಳಿ ಕೇಳಿ ಸಾಕಾಗಿದೆ. ಪಾದರಸದ ತೊಂದರೆ ವಾಂತಿಭೇದಿಯಂತೆ ಕಣ್ಣಿಗೆ ಕಾಣುವ ಕಾಯಿಲೆಯಲ್ಲ. 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಮಾಟ ಪಾದರಸ ದುರಂತದಲ್ಲಿ ಅಷ್ಟೇನೂ ತೊಂದರೆ ಕಾಣದ ತಾಯಂದಿರಿಗೂ ಮಿದುಳು ಕೆಟ್ಟ ಮಕ್ಕಳು ಹುಟ್ಟಿದರು. ನಿಮ್ಮ ಮನೆಯಲ್ಲಿ ಹಾಗಾಗುತ್ತದೆ ಎಂದಲ್ಲ, ಅಲ್ಲಿನ ವಿಷದ ಪ್ರಮಾಣವೇ ಬೇರೆ. ಆದರೆ ಕಲಿಕೆಯಲ್ಲಿ ಆಗುವ ಸಣ್ಣ ನಷ್ಟ ಯಾವ ಅಜ್ಜಿಯ ಕಣ್ಣಿಗೂ ಬೀಳದು.

ಮೊಲೆ ಹಾಲು ನಿಲ್ಲಿಸಬೇಡಿ. ಅದರ ಲಾಭ ದೊಡ್ಡದು. ಸುರಾ ನಿಲ್ಲಿಸಿ, ಮತ್ತಿ ಕೊಡಿ. ಮೈಯಲ್ಲಿರುವ ಪಾದರಸ ಒಂದೂವರೆ, ಎರಡು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಇಳಿಸುವ ಪುಡಿ, ಲೇಹ್ಯ ಬೇಡ. ಬಸಿರಿನಲ್ಲೂ ತಿಂದಿರುವುದರಿಂದ ಒಮ್ಮೆ ರಕ್ತದ ಪಾದರಸ ನೋಡಿಸಿ. ಲ್ಯಾಬಿನವರು ಮೂತ್ರ ಕೇಳಿದರೆ ಒಪ್ಪಬೇಡಿ: 2001ರಲ್ಲಿ ಮುಚ್ಚಿದ ಕೊಡೈಕಾನಲ್ ಥರ್ಮಾಮೀಟರ್ ಕಾರ್ಖಾನೆಯಂಥ ಕಡೆ ಉಸಿರಿಗೆ ಸೇರುವ ಪಾದರಸದ ಆವಿಗೆ ಮೂತ್ರದ ಪರೀಕ್ಷೆ, ಮೀನಿನದಕ್ಕೆ ರಕ್ತ. ಇನ್ನು ಹಾಲು ಸಾಲದು ಎಂದು ತೀರ್ಮಾನಿಸಬೇಕಾದದ್ದು ಅತ್ತೆಯಲ್ಲ, ತಕ್ಕಡಿ. ಈ ವಾರವೇ ಮಗುವನ್ನು ತೂಗಿಸಿ, ಸೊಸೆಯ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ.