ಮನೆಯ ಮೆಟ್ಟಿಲು ಮತ್ತು ಕಾನೂನಿನ ಹಕ್ಕು: ಇಂಗ್ಲೆಂಡಿನಿಂದ ಒಂದು ಪಾಠ

ಹಕ್ಕಿಗೂ ಸೌಲಭ್ಯಕ್ಕೂ ವ್ಯತ್ಯಾಸವೇನು ಎಂದು ರಾಜ್ಯಶಾಸ್ತ್ರದ ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ಸಂವಿಧಾನದ ವಿಧಿಗಳ ಸಂಖ್ಯೆ ಹೇಳಲು ತೊಡಗುತ್ತಾರೆ. ಅದನ್ನು ಒಂದು ಬಚ್ಚಲುಮನೆಯ ಮೂಲಕವೂ ಅರ್ಥಮಾಡಿಕೊಳ್ಳಬಹುದು. ಇಂಗ್ಲೆಂಡಿನಲ್ಲಿ 'ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್' ಎಂಬ ಸಹಾಯಧನವಿದೆ. ಅಲ್ಲಿಯವರು ಚಿಕ್ಕದಾಗಿ ಡಿ.ಎಫ್.ಜಿ. ಎನ್ನುತ್ತಾರೆ. ವಿಕಲಚೇತನರು ತಮ್ಮ ಮನೆಯಲ್ಲೇ, ಆದಷ್ಟು ಇತರರ ಹಂಗಿಲ್ಲದೆ ಬದುಕಲು ಮನೆಯಲ್ಲಿ ಮಾಡಬೇಕಾದ ಮಾರ್ಪಾಡುಗಳಿಗೆ ಸ್ಥಳೀಯ ಕೌನ್ಸಿಲ್ ಕೊಡುವ ಹಣ ಇದು.

ಅಲ್ಲಿನ ಹಳೆಯ ಪಟ್ಟಣಗಳ ಮನೆಗಳನ್ನು ಮೊದಲು ಕಲ್ಪಿಸಿಕೊಳ್ಳಿ. ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್‌ನಂಥ ಊರುಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಸಾಲಾಗಿ ಕಟ್ಟಿದ ಕಿರಿದಾದ ಮನೆಗಳು. ಕೆಳಗೆ ಅಡುಗೆಮನೆ ಮತ್ತು ಕೂರುವ ಕೋಣೆ, ಮೇಲೆ ಮಲಗುವ ಕೋಣೆ, ಎಷ್ಟೋ ಮನೆಗಳಲ್ಲಿ ಸ್ನಾನದ ಕೋಣೆಯೂ ಮೇಲೆಯೇ. ನಡುವೆ ಕಡಿದಾದ ಮೆಟ್ಟಿಲು. ಪಾರ್ಶ್ವವಾಯು ಬಡಿದು ಆಸ್ಪತ್ರೆಯಿಂದ ಮರಳಿದ ಅಜ್ಜಿಗೆ ಆ ಮೆಟ್ಟಿಲೇ ಬೇಲಿಯಾಗುತ್ತದೆ. ಕೆಳಗೆ ಉಳಿದರೆ ಶೌಚಾಲಯವಿಲ್ಲ, ಮೇಲೆ ಉಳಿದರೆ ಮನೆಮಂದಿಯ ಜೊತೆ ಊಟವಿಲ್ಲ. ವುಝೂ ಮಾಡಲೂ ಯಾರಾದರೂ ಕೈಹಿಡಿದು ಕರೆದೊಯ್ಯಬೇಕು. ದಕ್ಷಿಣ ಏಷ್ಯಾ ಮೂಲದ ಮುಸ್ಲಿಂ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿರುವ ಊರುಗಳಿವು. ಹೀಗಾಗಿ ಇದು ನಮಗೆ ತೀರಾ ಅಪರಿಚಿತವಾದ ಚಿತ್ರವೇನಲ್ಲ.

ಈ ಸಹಾಯಧನ 1990ರಲ್ಲಿ ಆರಂಭವಾಯಿತು. ಈಗ ನಡೆಯುತ್ತಿರುವುದು 1996ರ ವಸತಿ ಅನುದಾನ ಕಾಯ್ದೆಯ ಪ್ರಕಾರ. ಯಾವ ಉದ್ದೇಶಗಳಿಗೆ ಹಣ ಕೊಡಬೇಕು ಎಂಬುದನ್ನು ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ: ಮನೆಯೊಳಗೆ ಬರಲು ಮತ್ತು ಹೊರಹೋಗಲು, ಕೂರುವ ಹಾಗೂ ಮಲಗುವ ಕೋಣೆ ತಲುಪಲು, ಶೌಚಾಲಯ, ಸ್ನಾನ, ಮುಖ ತೊಳೆಯುವ ಬೇಸಿನ್ ಬಳಸಲು, ತಾವೇ ಅಡುಗೆ ಮಾಡಿಕೊಳ್ಳಲು, ಮನೆ ಬೆಚ್ಚಗಿಡಲು, ದೀಪದ ಸ್ವಿಚ್ ಕೈಗೆಟುಕುವಂತೆ ಮಾಡಲು. 2008ರಲ್ಲಿ ಕೈತೋಟಕ್ಕೆ ಹೋಗುವ ದಾರಿಯೂ ಸೇರಿತು. ಇನ್ನೊಂದು ಅಂಶ ನನಗೆ ಬಹಳ ಇಷ್ಟವಾದದ್ದು. ವಿಕಲಚೇತನ ವ್ಯಕ್ತಿ ಮನೆಯಲ್ಲಿ ಬೇರೊಬ್ಬರನ್ನು ನೋಡಿಕೊಳ್ಳುತ್ತಿದ್ದರೆ, ಅದಕ್ಕಾಗಿ ಮನೆಯೊಳಗೆ ಓಡಾಡಲು ಬೇಕಾದ ಮಾರ್ಪಾಡೂ ಪಟ್ಟಿಯಲ್ಲಿದೆ. ಗಾಲಿಕುರ್ಚಿಯಲ್ಲಿರುವ ತಾಯಿ ತನ್ನ ಮಗುವಿನ ಕೋಣೆಗೆ ಹೋಗಬೇಕಲ್ಲವೇ? ಆಕೆ ಆರೈಕೆ ಪಡೆಯುವವಳು ಮಾತ್ರವಲ್ಲ, ಆರೈಕೆ ಮಾಡುವವಳೂ ಹೌದು ಎಂದು ಈ ಕಾನೂನು ಒಪ್ಪುತ್ತದೆ.

ಈಗ ಮುಖ್ಯ ಅಂಶಕ್ಕೆ ಬರೋಣ. ಈ ಸಹಾಯಧನ ಕಡ್ಡಾಯ ಸ್ವರೂಪದ್ದು. ಷರತ್ತುಗಳು ಪೂರೈಸಿದರೆ "ಈ ವರ್ಷ ಬಜೆಟ್ ಮುಗಿದಿದೆ" ಎಂದು ಹೇಳಿ ಕೌನ್ಸಿಲ್ ಅರ್ಜಿ ತಿರಸ್ಕರಿಸುವಂತಿಲ್ಲ. ಅಧಿಕಾರಿಯ ದಯೆಯಿಂದ ಸಿಗುವುದು ಸೌಲಭ್ಯ. ಅಧಿಕಾರಿ ಕೊಡಲೇಬೇಕಾದದ್ದು ಹಕ್ಕು. ಷರತ್ತುಗಳು ಮುಖ್ಯವಾಗಿ ಎರಡು. ಆ ಕೆಲಸ ಈ ವ್ಯಕ್ತಿಗೆ ಅಗತ್ಯ ಮತ್ತು ಸೂಕ್ತವಾಗಿರಬೇಕು. ಆ ಕಟ್ಟಡದ ವಯಸ್ಸು, ಸ್ಥಿತಿ ನೋಡಿದರೆ ಅದು ಮಾಡಬಹುದಾದ ಕೆಲಸವಾಗಿರಬೇಕು. ಮೊದಲನೆಯದನ್ನು ಪರಿಶೀಲಿಸಲು ಸಾಮಾನ್ಯವಾಗಿ ಆಕ್ಯುಪೇಷನಲ್ ಥೆರಪಿಸ್ಟ್ ಮನೆಗೆ ಬರುತ್ತಾರೆ. ರೋಗಿ ಮಂಚದಿಂದ ಹೇಗೆ ಏಳುತ್ತಾರೆ, ಬಾಗಿಲು ಎಷ್ಟು ಅಗಲ, ಕೈ ಎಷ್ಟು ಮೇಲಕ್ಕೆ ಹೋಗುತ್ತದೆ ಎಂದೆಲ್ಲ ನೋಡಿ ವರದಿ ಕೊಡುತ್ತಾರೆ. (ಜೀವಶಾಸ್ತ್ರ ತೆಗೆದುಕೊಂಡು "ಎಂ.ಬಿ.ಬಿ.ಎಸ್. ಸಿಗದಿದ್ದರೆ ಮುಂದೇನು" ಎಂದು ಚಿಂತಿಸುವವರು ಈ ವೃತ್ತಿಯನ್ನೊಮ್ಮೆ ಗಮನಿಸಿ. ಮಣಿಪಾಲದಲ್ಲಿ ಇದರ ಪದವಿ ಕೋರ್ಸ್ ಇದೆ.)

ಇಂಗ್ಲೆಂಡಿನಲ್ಲಿ ಗರಿಷ್ಠ ಮೊತ್ತ 30,000 ಪೌಂಡ್. ನಮ್ಮ ಲೆಕ್ಕದಲ್ಲಿ 30 ಲಕ್ಷ ರೂಪಾಯಿ ದಾಟುತ್ತದೆ. ವೇಲ್ಸ್‌ನಲ್ಲಿ 36,000. ಸ್ಕಾಟ್‌ಲೆಂಡ್‌ನ ಪದ್ಧತಿಯೇ ಬೇರೆ. ಸ್ವಂತ ಮನೆಯವರಂತೆ ಬಾಡಿಗೆದಾರರೂ ಅರ್ಜಿ ಹಾಕಬಹುದು.

ವಾಣಿಜ್ಯ ವಿಭಾಗದವರಿಗೆ ಇದರ ಆದಾಯ ಪರೀಕ್ಷೆ ಆಸಕ್ತಿದಾಯಕ. 18 ವರ್ಷದೊಳಗಿನ ಮಕ್ಕಳಿಗಾಗಿ ಮಾಡುವ ಮಾರ್ಪಾಡಿಗೆ ಈ ಪರೀಕ್ಷೆಯೇ ಇಲ್ಲ. ತಂದೆತಾಯಿಯ ಸಂಬಳ ಎಷ್ಟಿದ್ದರೂ ಕೇಳುವುದಿಲ್ಲ. ವಯಸ್ಕರ ವಿಷಯದಲ್ಲಿ ಆ ವ್ಯಕ್ತಿ ಮತ್ತು ಸಂಗಾತಿಯ ಆದಾಯ, ಉಳಿತಾಯ ಮಾತ್ರ ಲೆಕ್ಕಕ್ಕೆ ಬರುತ್ತದೆ. ಉಳಿತಾಯದಲ್ಲಿ ಮೊದಲ 6,000 ಪೌಂಡ್ ಬಿಟ್ಟುಬಿಡುತ್ತಾರೆ. ಮಗನ ಮನೆಯಲ್ಲಿರುವ ವಿಧವೆ ತಾಯಿ ಅರ್ಜಿ ಹಾಕಿದರೆ ಮಗನ ಸಂಬಳವನ್ನು ಸೇರಿಸುವುದಿಲ್ಲ. "ಮಗ ದುಡಿಯುತ್ತಾನಲ್ಲ, ಅವನೇ ಮಾಡಿಸಲಿ" ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ. ಒಟ್ಟು ಖರ್ಚು 12,000 ಪೌಂಡ್, ಅರ್ಜಿದಾರರ ಪಾಲು 3,000 ಎಂದು ನಿರ್ಧಾರವಾಯಿತು ಎಂದಿಟ್ಟುಕೊಳ್ಳಿ. ಕೌನ್ಸಿಲ್ 9,000 ಕೊಡುತ್ತದೆ. ಅರ್ಜಿದಾರರ ಪಾಲು ಸೊನ್ನೆಯಾಗಿದ್ದು ಖರ್ಚು 36,000 ಆದರೆ? ಕಡ್ಡಾಯ ಸಹಾಯ 30,000ಕ್ಕೆ ನಿಲ್ಲುತ್ತದೆ. ಉಳಿದ 6,000ವನ್ನು ಕೌನ್ಸಿಲ್ ತನ್ನ ವಿವೇಚನೆಯಿಂದ ಕೊಡಬಹುದು, ಕೊಡದೆಯೂ ಇರಬಹುದು. ಹಕ್ಕು ಮುಗಿದು ಸೌಲಭ್ಯ ಶುರುವಾಗುವ ಗೆರೆ ಇಲ್ಲಿದೆ.

ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ. 30,000ದ ಮಿತಿ 2008ರದ್ದು. ಅಂದಿನಿಂದ ಕಟ್ಟಡ ಸಾಮಗ್ರಿ, ಕೂಲಿ ಎಲ್ಲ ಏರಿದರೂ ಮಿತಿ ಅಲ್ಲೇ ಕುಳಿತಿದೆ. ಕಾಲಮಿತಿಯಲ್ಲೂ ಒಂದು ಸಂದಿಯಿದೆ. ಪೂರ್ಣ ಅರ್ಜಿ ಕೈಸೇರಿದ ಆರು ತಿಂಗಳೊಳಗೆ ಕೌನ್ಸಿಲ್ ತೀರ್ಮಾನ ತಿಳಿಸಬೇಕು. ಆದರೆ ಥೆರಪಿಸ್ಟ್ ಬಂದು ನೋಡುವವರೆಗಿನ ಕಾಯುವಿಕೆ ಈ ಆರು ತಿಂಗಳಲ್ಲಿ ಸೇರುವುದಿಲ್ಲ. ಗಡಿಯಾರ ಶುರುವಾಗುವುದೇ ಅರ್ಜಿ ಪೂರ್ಣಗೊಂಡ ಮೇಲೆ. ವಯಸ್ಸಾದವರಿಗೆ ಆ ತಿಂಗಳುಗಳು ಸಣ್ಣವಲ್ಲ. ಒಮ್ಮೆ ಜಾರಿ ಬಿದ್ದರೆ ಮತ್ತೆ ಆಸ್ಪತ್ರೆ. ಹಾಗೆಂದು ಮಂಜೂರಾತಿಗೆ ಮೊದಲೇ ಕೆಲಸ ಶುರುಮಾಡಿಸಿದರೆ ಹಣವೇ ಕೈತಪ್ಪಬಹುದು. ಕಾನೂನಿನಲ್ಲಿ ಹಕ್ಕು ಇದ್ದ ಮಾತ್ರಕ್ಕೆ ಅದು ಸಕಾಲಕ್ಕೆ ಬಾಗಿಲಿಗೆ ಬರುತ್ತದೆ ಎಂದಲ್ಲ.

ದೌರ್ಬಲ್ಯವುಳ್ಳವರ ಹೊಣೆ ಸಮಾಜದ್ದು ಎಂಬ ಭಾವನೆ ಪಶ್ಚಿಮದ್ದು ಮಾತ್ರ ಎಂದು ಯಾರಾದರೂ ಹೇಳಿದರೆ ಇತಿಹಾಸ ತೆರೆದು ತೋರಿಸಿ. ಅಂಧರಾಗಿದ್ದ ಹಝ್ರತ್ ಅಬ್ದುಲ್ಲಾ ಇಬ್ನು ಉಮ್ಮು ಮಕ್ತೂಮ್(ರ) ಅವರು ಪ್ರವಾದಿ(ಸ)ಯವರ ಮುಅದ್ದಿನ್‌ಗಳಲ್ಲೊಬ್ಬರು. ಪ್ರವಾದಿಯವರು ಮದೀನಾದಿಂದ ಹೊರಹೋದಾಗ ಅವರಿಗೆ ನಗರದ ಹೊಣೆ ವಹಿಸಿದ್ದೂ ಉಂಟು. 705ರಿಂದ 715ರವರೆಗೆ ಆಳಿದ ಉಮಯ್ಯದ್ ಖಲೀಫ ವಲೀದ್, ನಡೆಯಲಾರದವರಿಗೆ ಸೇವಕರನ್ನೂ ಅಂಧರಿಗೆ ದಾರಿ ತೋರಿಸುವವರನ್ನೂ ನೇಮಿಸಿದ್ದನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ವ್ಯತ್ಯಾಸವೆಂದರೆ, ಖಲೀಫ ಬದಲಾದರೆ ಅಂಥ ವ್ಯವಸ್ಥೆಯೂ ಬದಲಾಗಬಹುದು. ಶಾಸನದಲ್ಲಿ ಬರೆದದ್ದು ಹಾಗೆ ಸುಲಭವಾಗಿ ಅಳಿಯುವುದಿಲ್ಲ.

ನಮ್ಮಲ್ಲಿ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 37ನೇ ಸೆಕ್ಷನ್ ವಸತಿ ಹಂಚಿಕೆಯಲ್ಲಿ ಮತ್ತು ಬಡತನ ನಿವಾರಣೆ ಯೋಜನೆಗಳಲ್ಲಿ ಶೇಕಡ 5ರ ಮೀಸಲಾತಿ ಹೇಳುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳೂ ತಮ್ಮ ನಿಧಿಯಲ್ಲಿ ಶೇಕಡ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆದರೆ ಶೇಕಡ 5 ಎಂಬುದು ಒಟ್ಟು ಮೊತ್ತದ ಲೆಕ್ಕ. ಇಂಥ ವ್ಯಕ್ತಿಯ ಇಂಥ ಬಚ್ಚಲಿಗೆ ಇಷ್ಟು ದಿನದೊಳಗೆ ಉತ್ತರ ಕೊಡಲೇಬೇಕು ಎಂಬ ಲೆಕ್ಕ ಅದರಲ್ಲಿಲ್ಲ.

ತರಗತಿ ಚರ್ಚೆಗೆ: ನಿಮ್ಮ ಪಂಚಾಯಿತಿ ಅಥವಾ ಪುರಸಭೆ ಕಳೆದ ವರ್ಷ ಆ ಶೇಕಡ 5ರ ಹಣವನ್ನು ಯಾವುದಕ್ಕೆ ಖರ್ಚುಮಾಡಿದೆ ಎಂದು ಕಚೇರಿಯಲ್ಲಿ ಕೇಳಿ ಬರೆದುಕೊಂಡು ಬನ್ನಿ. ನಿಮ್ಮ ಮಸೀದಿಯ ವುಝೂ ಕಟ್ಟೆಗೆ ಎಷ್ಟು ಮೆಟ್ಟಿಲುಗಳಿವೆ, ಬಾಗಿಲಿನ ಅಗಲ ಎಷ್ಟು, ಹಿಡಿದುಕೊಳ್ಳಲು ಕಂಬಿ ಇದೆಯೇ ಎಂಬುದನ್ನು ಟೇಪು ಹಿಡಿದು ಅಳೆಯಿರಿ. ಮಕ್ಕಳಿಗೆ ಆದಾಯ ಪರೀಕ್ಷೆ ಇಲ್ಲದಿರುವುದು ನ್ಯಾಯವೇ? ಪರ ಮತ್ತು ವಿರೋಧ ಎರಡೂ ಬದಿಯ ವಾದಗಳನ್ನು ಅರ್ಧ ಪುಟದಲ್ಲಿ ಬರೆಯಿರಿ.