ಹಿಂದೆ ಬರುವ ಗಾಡಿಗೆ ಬ್ರೇಕು

1982ರಲ್ಲಿ ಏಷ್ಯನ್ ಕ್ರೀಡಾಕೂಟವು ದೆಹಲಿಯಲ್ಲಿ ನಡೆಯಿತು. ನಮ್ಮ ಸರೋಜಿನಿ ನಗರದ ನಿಲ್ದಾಣವನ್ನು ಹಾದುಹೋಗುವ, ನಗರವನ್ನು ಬಳಸಿ ಬರುವ ವರ್ತುಲ ರೈಲುಮಾರ್ಗವನ್ನು ಪ್ರಯಾಣಿಕರಿಗಾಗಿ ಸಜ್ಜುಗೊಳಿಸಿದ್ದು ಆ ಸಂದರ್ಭದಲ್ಲಿಯೇ. ಆದರೆ ಹುಟ್ಟುದೋಣಿಗಳ ಪಂದ್ಯಗಳು ಜಯಪುರದ ಸಮೀಪದ ರಾಮಗಢ ಸರೋವರದಲ್ಲಿಯೂ, ಹಾಯಿದೋಣಿಗಳ ಪಂದ್ಯಗಳು ಮುಂಬಯಿಯ ಸಮುದ್ರದಲ್ಲಿಯೂ ಜರುಗಿದವು. ಸಮುದ್ರವಿಲ್ಲದ ಊರಿನವರು ನೀರಿದ್ದೆಡೆಗೆ ದೋಣಿಯನ್ನು ನೆಲದ ಮೇಲೆಯೇ ಒಯ್ಯಬೇಕು. ನೀರಿನಲ್ಲಿ ಬ್ರೇಕಿನ ಗೊಡವೆಯೇ ಇಲ್ಲದ ದೋಣಿಗೆ ರಸ್ತೆಯ ಮೇಲೆ ಅದು ಅತ್ಯಗತ್ಯ.

ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಚೌಕಟ್ಟಿಗೆ ಟ್ರೇಲರು ಎನ್ನುತ್ತಾರೆ. ಎಳೆಯುವುದು ಸುಲಭ, ನಿಲ್ಲಿಸುವುದು ಕಷ್ಟ. ಈ ಸತ್ಯವನ್ನು ನಮ್ಮ ಎತ್ತುಗಳು ಎಂದೋ ಅರಿತಿವೆ. ಬ್ರೇಕಿಲ್ಲದ ಗಾಡಿಯು ಇಳಿಜಾರಿನಲ್ಲಿ ಮುನ್ನುಗ್ಗಿದಾಗ, ಅದರ ಭಾರವನ್ನೆಲ್ಲ ತಡೆಹಿಡಿಯಬೇಕಾದವು ಅವೇ. ಬೆಂಗಳೂರಿನ ಐ.ಐ.ಎಂ. ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ಬಹುಕಾಲ ದುಡಿದರು. ಮೂಕಪ್ರಾಣಿಯ ಮೇಲಣ ಕರುಣೆಯೂ ಯಂತ್ರಶಾಸ್ತ್ರದ ವಿವೇಕವೂ ಅಲ್ಲಿ ಕೂಡಿದ್ದವು.

ಒಂದು ಲೆಕ್ಕವನ್ನು ನೋಡೋಣ. 1200 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ; ಬ್ರೇಕು ಹಾಕಿದರೆ 25 ಮೀಟರಿನಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ ದೋಣಿಯೂ ಸೇರಿ 800 ಕಿಲೋಗ್ರಾಂ ತೂಗುವ, ಬ್ರೇಕಿಲ್ಲದ ಟ್ರೇಲರನ್ನು ಜೋಡಿಸಿದೆವು. ತಡೆಯುವ ಬಲ ಅಷ್ಟೇ, ತಡೆಯಬೇಕಾದ ರಾಶಿ 2000. ಆದುದರಿಂದ ನಿಲ್ಲಲು ಬೇಕಾದ ದೂರ ಹೆಚ್ಚುಕಡಿಮೆ 42 ಮೀಟರ್. ಆ ಹೆಚ್ಚಿನ 17 ಮೀಟರಿನೊಳಗೆ ರಸ್ತೆ ದಾಟುವ ಬಾಲಕನೊಬ್ಬನಿದ್ದರೆ? ಅಷ್ಟೇ ಅಲ್ಲ, ತಿರುವಿನಲ್ಲಿ ಟ್ರೇಲರು ಕಾರಿನ ಬೆನ್ನನ್ನು ಪಕ್ಕಕ್ಕೆ ತಳ್ಳಿ, ಎರಡೂ ಮಡಿಸಿದ ಚೂರಿಯಂತೆ ಮಡಚಿಕೊಳ್ಳುವುದೂ ಉಂಟು.

ಹಾಗಾದರೆ ಎಂತಹ ಬ್ರೇಕು ಯೋಗ್ಯ? ಸರಳವಾದುದು ನೂಕುಬ್ರೇಕು. ಕಾರು ನಿಧಾನವಾದೊಡನೆ ಟ್ರೇಲರು ಮುಂದಕ್ಕೆ ಒತ್ತುತ್ತದೆ. ಆ ಒತ್ತಡವೇ ಕೊಂಡಿಯಲ್ಲಿರುವ ಕೊಳವೆಯೊಳಗಿನ ದ್ರವವನ್ನು ಅದುಮಿ ಬ್ರೇಕನ್ನು ಹಿಡಿಸುತ್ತದೆ. ವಿದ್ಯುತ್ತಿನ ಹಂಗಿಲ್ಲ. ತನ್ನ ಅಪರಾಧಕ್ಕೆ ತಾನೇ ಶಿಕ್ಷೆ ವಿಧಿಸಿಕೊಳ್ಳುವ ಈ ಯುಕ್ತಿ ನನಗೆ ಬಲು ಮೆಚ್ಚಿಗೆ! ಆದರೂ ಕುಂದುಗಳಿವೆ. ಹಿಂದಕ್ಕೆ ನಡೆಸುವಾಗಲೂ ಕೊಂಡಿ ಒತ್ತಲ್ಪಡುವುದರಿಂದ, ಬ್ರೇಕನ್ನು ಆಗ ಬಿಡಿಸುವ ಏರ್ಪಾಡು ಬೇಕು. ದೋಣಿಯನ್ನು ನೀರಿಗಿಳಿಸುವುದು ಹಿಂದಕ್ಕೆ ನಡೆಸಿಯೇ ಅಲ್ಲವೇ? ಮತ್ತು ಬೆಂಗಳೂರಿನಿಂದ ಮಂಗಳೂರಿಗೆ ಶಿರಾಡಿ ಘಾಟಿಯನ್ನು ಇಳಿಯುವಾಗ ಟ್ರೇಲರು ಎಡೆಬಿಡದೆ ಒತ್ತುತ್ತಲೇ ಇದ್ದು ಬ್ರೇಕು ಕಾಯುತ್ತದೆ. ಅಲ್ಲಿ ಚಾಲಕನು ಕೆಳ ಗೇರಿನಲ್ಲಿ ಸಾಗಬೇಕು.

ವಿದ್ಯುತ್ ಬ್ರೇಕನ್ನು ಚಾಲಕನೇ ಹತೋಟಿಯಲ್ಲಿಡಬಲ್ಲನು. ಆದರೆ ಅದರ ಅಯಸ್ಕಾಂತ, ತಂತಿಗಳು ಚಕ್ರದೊಳಗಿದ್ದು ಪದೇ ಪದೇ ನೀರಿನಲ್ಲಿ ಮುಳುಗಿದರೆ ಬೇಗ ಕೆಡುತ್ತವೆ. ಭಾರವಾದ ದೋಣಿಗೆ, ವಿದ್ಯುತ್ ಪಂಪನ್ನು ನೀರು ತಾಗದಂತೆ ಮುಂಭಾಗದಲ್ಲಿಟ್ಟು, ಚಕ್ರಗಳಿಗೆ ದ್ರವದ ಒತ್ತಡವನ್ನು ಮಾತ್ರ ಕಳುಹಿಸುವ ಕ್ರಮವು ಉತ್ತಮ. ಬೆಲೆ ಹೆಚ್ಚು, ನಿಜ. ಚಕ್ರದಲ್ಲಿ ಡ್ರಮ್ಮಿಗಿಂತ ಡಿಸ್ಕು ಮೇಲು: ಡ್ರಮ್ಮಿನೊಳಗೆ ನೀರು ಕೆಸರು ನಿಲ್ಲುತ್ತವೆ, ಡಿಸ್ಕು ಬೇಗ ಒಣಗುತ್ತದೆ. ಮಲ್ಪೆ, ಕಾರವಾರಗಳ ಉಪ್ಪುನೀರಿಗೆ ಇಳಿಸಿದ ದಿನ ಸಿಹಿನೀರಿನಿಂದ ತೊಳೆಯಲೇಬೇಕು.

ಕೊಂಡಿಯೇ ಕಳಚಿದರೆ? ಇದಕ್ಕೆ ರೈಲಿನಿಂದ ಪಾಠ ಕಲಿಯಬಹುದು. ಅಮೆರಿಕದ ವೆಸ್ಟಿಂಗ್‌ಹೌಸ್ 1869ರಲ್ಲಿ ರಚಿಸಿದ ಮೊದಲ ಗಾಳಿಬ್ರೇಕಿನಲ್ಲಿ ಗಾಳಿ ತುಂಬಿದರೆ ಬ್ರೇಕು ಹಿಡಿಯುತ್ತಿತ್ತು; ಕೊಳವೆ ಹರಿದರೆ ಬ್ರೇಕೇ ಇಲ್ಲ. ಆತನೇ ಮುಂದೆ ಅದನ್ನು ತಿರುವುಮುರುವು ಮಾಡಿದ: ಕೊಳವೆಯ ಒತ್ತಡ ಇಳಿದರೆ ಬ್ರೇಕು ಹಿಡಿಯಬೇಕು. ಸರೋಜಿನಿ ನಗರದ ಹಳಿಗಳ ಮೇಲೆ ಸಾಗುವ ಸರಕು ಗಾಡಿಯ ಡಬ್ಬಿಗಳು ಬೇರ್ಪಟ್ಟರೂ ತಾವಾಗಿ ನಿಲ್ಲುವುದು ಈ ತತ್ತ್ವದಿಂದಲೇ. ಟ್ರೇಲರಿಗೂ ಕಾರಿಗೂ ನಡುವೆ ಕಟ್ಟುವ ತೆಳುವಾದ ಉಕ್ಕಿನ ಹಗ್ಗವು ಅದೇ ಕೆಲಸ ಮಾಡುತ್ತದೆ. ಟ್ರೇಲರು ಕಳಚಿ ಹೊರಟರೆ ಹಗ್ಗ ಸೆಳೆದು ಬ್ರೇಕು ಹಿಡಿಯುತ್ತದೆ. ಜೊತೆಗೆ ಸರಪಳಿಯೂ ಇರಲಿ.

ನೀರಿನಿಂದ ಮೇಲೆ ಬಂದ ಟ್ರೇಲರಿನ ಬ್ರೇಕು ಒದ್ದೆಯಾಗಿದ್ದು ಚೆನ್ನಾಗಿ ಹಿಡಿಯದು. ಸ್ವಲ್ಪ ದೂರ ಮೆಲ್ಲನೆ ಸಾಗಿ, ಎರಡು ಮೂರು ಬಾರಿ ಬ್ರೇಕು ಒತ್ತಿ ಒಣಗಿಸಿಕೊಂಡ ಮೇಲೆಯೇ ಹೆದ್ದಾರಿಯನ್ನು ಸೇರಬೇಕು.